ತುಕ್ಕು ಹಿಡಿದ ಜಿ.ಐ. ಪೈಪು: ತೇಪೆಯೋ, ಹೊಸ ತುಂಡೋ, ಸಿಪಿವಿಸಿಯೋ?

ಮೈಸೂರಿನಲ್ಲಿ ನಮ್ಮ ತಂದೆಯವರು 1979ರಲ್ಲಿ ಕಟ್ಟಿಸಿದ ಮನೆಯ ಗೋಡೆಗಳೊಳಗೆ ಇದ್ದದ್ದೆಲ್ಲ ಅರ್ಧ ಇಂಚಿನ ಜಿ.ಐ. ಪೈಪುಗಳೇ, ಅಂದರೆ ಸತುವಿನ ಲೇಪವಿರುವ ಕಬ್ಬಿಣದ ಪೈಪುಗಳೇ. ಬೆಳಗಿನ ಮೊದಲ ನೀರು ಕೆಂಪಗೆ ಬರತೊಡಗಿ, ಬಚ್ಚಲಮನೆಯ ಗೋಡೆಯ ಗಾರೆ ಉಬ್ಬಿ ಉದುರಿದ ಮೇಲೆ, ಮೂರು ಬಗೆಯ ದುರಸ್ತಿಗಳನ್ನು ಒಂದಾದ ಮೇಲೊಂದರಂತೆ ಮಾಡಿಸಿ ನೋಡಿದ್ದೇನೆ.

ಮೊದಲು ಹಚ್ಚಿಸಿದ್ದು ಎಪಾಕ್ಸಿ ಪುಟ್ಟಿ, ಅಂದರೆ ಹಚ್ಚಿದ ಮೇಲೆ ಗಟ್ಟಿಯಾಗುವ ಅಂಟುಮುದ್ದೆ. ನೀರು ನಿಲ್ಲಿಸಿ, ಪೈಪನ್ನು ಉಪ್ಪುಕಾಗದದಿಂದ ಉಜ್ಜಿ, ಒಣಗಿಸಿ ಹಚ್ಚಿದರೆ ಸಣ್ಣ ತೂತು ಮುಚ್ಚುತ್ತದೆ; ಅದರ ಮೇಲೆ ರಬ್ಬರ್ ಇಟ್ಟು ಕ್ಲಾಂಪ್ ಬಿಗಿದರೆ ಇನ್ನೂ ಭದ್ರ. ಆದರೆ ಪೈಪು ಸವೆದಿರುವುದು ಒಳಗಿನಿಂದ. ಎಂಟು ತಿಂಗಳಲ್ಲಿ ಒಂದು ಗೇಣು ಆಚೆ ಮತ್ತೊಂದು ತೂತು ಬಿತ್ತು.

ಎರಡನೆಯ ಸಲ ಹಾಳಾದ ತುಂಡನ್ನು ಕತ್ತರಿಸಿ, ಯೂನಿಯನ್ (ಎರಡು ಪೈಪುಗಳನ್ನು ಸೇರಿಸುವ, ಬಿಚ್ಚಬಹುದಾದ ಜೋಡಣೆ) ಹಾಕಿಸಿ, ಹೊಸ ಜಿ.ಐ. ತುಂಡನ್ನು ಸೇರಿಸಿದೆವು. ಕತ್ತರಿಸಿ ತೆಗೆದ ಪೈಪಿನೊಳಗೆ ತುಕ್ಕು ಗಂಟುಗಂಟಾಗಿ ಕಟ್ಟಿಕೊಂಡು, ಪೆನ್ಸಿಲ್ ತೂರುವಷ್ಟು ಮಾತ್ರ ದಾರಿ ಉಳಿದಿತ್ತು. ಶವರಿನಲ್ಲಿ ನೀರು ಸಣ್ಣಗೆ ಬರುತ್ತಿದ್ದ ಕಾರಣ ಆಗ ತಿಳಿಯಿತು, ಯಾವ ತೇಪೆಯಿಂದಲೂ ಅದು ಸರಿಹೋಗುವಂಥದಲ್ಲ ಎಂಬುದೂ ತಿಳಿಯಿತು. ಥ್ರೆಡ್ (ತಿರುಪಿನ ಗೆರೆ) ಕೊರೆದ ಕಡೆ ಪೈಪಿನ ಗೋಡೆ ತೆಳುವಾಗಿ, ಸತುವಿನ ಲೇಪವೂ ಹೋಗಿರುವುದರಿಂದ ತುಕ್ಕು ಮೊದಲು ಹಿಡಿಯುವುದು ಅಲ್ಲಿಯೇ. ಹೀಗಾಗಿ ಪೈಪ್ ರೆಂಚ್ ಹಾಕಿ ತಿರುಗಿಸುತ್ತಿದ್ದಂತೆಯೇ ಪಕ್ಕದ ಎಲ್ಬೋ (ಪೈಪು ತಿರುಗುವಲ್ಲಿನ ಮೂಲೆ ತುಂಡು) ಬಳಿಯ ಹಳೆಯ ಥ್ರೆಡ್ ಮುರಿದು, ಒಂದು ತುಂಡಿನ ಕೆಲಸ ಮೂರು ತುಂಡಿಗೆ ಬೆಳೆಯಿತು.

ಕೊನೆಗೆ ಗೋಡೆಯಲ್ಲಿ ಹೊಸ ತೋಡು ಕೊರೆಸಿ, ಹಳೆಯ ಸಾಲನ್ನು ಅಲ್ಲಿಯೇ ಬಿಟ್ಟು, ಬಚ್ಚಲಿಗೂ ಅಡುಗೆಮನೆಗೂ ಸಿಪಿವಿಸಿ ಎಂಬ ಪ್ಲಾಸ್ಟಿಕ್ ಪೈಪು ಹಾಕಿಸಿದೆ. ಖರ್ಚು, ಧೂಳು, ಟೈಲ್ಸ್ ನಷ್ಟ ಎಲ್ಲವೂ ಇದರಲ್ಲೇ ಹೆಚ್ಚು. ಆದರೂ ನನ್ನ ಮನಸ್ಸಿಗೆ ಒಪ್ಪಿದ್ದು ಇದೇ. ಸಾಮಾನ್ಯ ಪಿವಿಸಿ ಗೀಸರಿನ ಬಿಸಿನೀರಿಗೆ ತಕ್ಕುದಲ್ಲ, ಸಿಪಿವಿಸಿಯಾದರೆ ತಡೆಯುತ್ತದೆ. ಗೀಸರ್ ಮತ್ತು ನಲ್ಲಿ ಕೂರುವಲ್ಲಿ ಹಿತ್ತಾಳೆ ಥ್ರೆಡ್ ಇರುವ ಫಿಟ್ಟಿಂಗನ್ನೇ ಕೇಳಿ ಹಾಕಿಸಿದೆ. ಪೈಪಿನ ಜೋಡಣೆಗಳಿಗೆ ಹಚ್ಚಿದ ಅಂಟು ಒಣಗಲು ಒಂದು ದಿನ ಬಿಟ್ಟು, ಗಾರೆ ಮುಚ್ಚುವ ಮೊದಲೇ ನೀರು ತುಂಬಿಸಿ ಪ್ರತಿಯೊಂದು ಜೋಡಣೆಯನ್ನೂ ಕೈಯಾರೆ ಮುಟ್ಟಿ ನೋಡಿದೆ. ಈ ಒಂದು ದಿನವನ್ನು ಯಾರೂ ಉಳಿಸಲು ಹೋಗಬಾರದು.

ಬಿಸಿಲಿಗೆ ಸಿಪಿವಿಸಿ ಪೆಡಸಾಗುವುದರಿಂದ ತಾರಸಿಯ ಮೇಲಿನ ಸಾಲಿಗೆ ಬಣ್ಣ ಬಳಿಸಿದ್ದೇನೆ. ಪೆಟ್ಟು, ಎಳೆತ ಹೆಚ್ಚಿರುವ ಅಂಗಳದ ನಲ್ಲಿಗೆ ಮಾತ್ರ ಹೊಸ ಜಿ.ಐ. ಪೈಪನ್ನೇ ಹಾಕಿಸಿದೆ. ಇನ್ನೊಂದು ಮುಖ್ಯ ಸಂಗತಿಯಿದೆ: ಕೆಲವು ಹಳೆಯ ಮನೆಗಳಲ್ಲಿ ವಿದ್ಯುತ್ತಿನ ಅರ್ಥಿಂಗ್ ತಂತಿಯನ್ನು ನೀರಿನ ಪೈಪಿಗೇ ಕಟ್ಟಿರುತ್ತಾರೆ. ಲೋಹದ ಪೈಪನ್ನು ಕತ್ತರಿಸುವ ಮೊದಲು ಎಲೆಕ್ಟ್ರಿಷಿಯನ್ ಒಬ್ಬರಿಂದ ಅದನ್ನು ಪರೀಕ್ಷೆ ಮಾಡಿಸಲೇಬೇಕು.