ಬೆರಳು, ಸ್ಟ್ಯಾಂಡು, ದಾರ, ತಕ್ಕಡಿ: ಒಂದೇ ಟ್ರೈನರ್ ವಿಮಾನದ ಸಿಜಿ ನಾಲ್ಕು ಸಲ ನೋಡಿದ ಕಥೆ

ಕಳೆದ ಬೇಸಿಗೆಯಲ್ಲಿ ಬತ್ತಿದ ಕೆರೆ ಅಂಗಳದಿಂದ ನನ್ನ ರಿಮೋಟ್ ಕಂಟ್ರೋಲ್ ವಿಮಾನ ಮೊದಲ ಸಲ ಮೇಲೆದ್ದಿತು. ಎದ್ದದ್ದೇ ತಡ, ಮೂತಿ ಆಕಾಶಕ್ಕೆ. ಸ್ಟಿಕ್ಕನ್ನು ಚೂರು ಮುಂದಕ್ಕೆ ಒತ್ತಿದೆ, ಮೂತಿ ನೆಲಕ್ಕೆ. ಎಳೆದೆ, ಮತ್ತೆ ಆಕಾಶಕ್ಕೆ. ಹೀಗೆ ಏಳುತ್ತಾ ಬೀಳುತ್ತಾ ಒಂದು ಸುತ್ತು ಹಾಕಿ ಇಳಿಸಿದೆ. ಇಳಿಸಿದೆ ಅನ್ನುವುದು ದೊಡ್ಡ ಮಾತು, ಅದೇ ಇಳಿಯಿತು. ಮುಂದಿನ ಚಕ್ರದ ತಂತಿ ಬಾಗಿತು, ಪ್ರೊಪೆಲ್ಲರ್ ಮುರಿಯಿತು.

ವಿಚಿತ್ರ ಅಂದರೆ, ಹಾರಿಸುವ ಮೊದಲು ನಾನು ಬ್ಯಾಲೆನ್ಸ್ ನೋಡಿದ್ದೆ. ಎಲ್ಲರೂ ನೋಡುವ ಹಾಗೆ, ಎರಡು ಬೆರಳ ತುದಿಯ ಮೇಲೆ ರೆಕ್ಕೆ ಇಟ್ಟು. ಸರಿ ಇದೆ ಅನ್ನಿಸಿತ್ತು. ಆಮೇಲೆ ಮನೆಯಲ್ಲಿ ಅಳೆದರೆ ಸಿಜಿ (ಸೆಂಟರ್ ಆಫ್ ಗ್ರಾವಿಟಿ, ಅಂದರೆ ವಿಮಾನದ ಇಡೀ ಭಾರ ಸಮತೂಗುವ ಜಾಗ) ಇರಬೇಕಾದದ್ದು ರೆಕ್ಕೆಯ ಮುಂದಿನ ಅಂಚಿನಿಂದ 70 ಮಿ.ಮೀ. ಹಿಂದೆ, ಇದ್ದದ್ದು 82ರಲ್ಲಿ. ಬರೀ 12 ಮಿ.ಮೀ., ಆದರೆ 24 ಸೆಂ.ಮೀ. ಅಗಲದ ರೆಕ್ಕೆಗೆ ಅದು ಶೇ. 29ರಿಂದ ಶೇ. 34ಕ್ಕೆ ಜಾರಿದ ಹಾಗೆ. ಹಳೇ ಕೈಗಳು ಅದನ್ನೂ ಸಂಭಾಳಿಸಿಯಾರು. ಹೊಸಬನಿಗೆ ಕಷ್ಟ.

ಅದಕ್ಕೇ ಈ ಸಲ ಹಟ ಹಿಡಿದು ಒಂದೇ ವಿಮಾನವನ್ನು ನಾಲ್ಕು ಬಗೆಯಲ್ಲಿ ತೂಗಿ ನೋಡಿದೆ. ವಿಮಾನ ಟ್ರೈನರ್, ಅಂದರೆ ಹಾರಿಸಲು ಕಲಿಯುವವರದ್ದು, ಹಗುರವಾದ ಬಾಲ್ಸಾ ಮರದ್ದು. ಮೇಲು ರೆಕ್ಕೆ, ಉದ್ದ 1.4 ಮೀಟರ್, ರೆಕ್ಕೆಯ ಅಗಲ ಬುಡದಿಂದ ತುದಿವರೆಗೆ ಒಂದೇ. ಬ್ಯಾಟರಿ ಸೇರಿ ತೂಕ 1400 ಗ್ರಾಂ. ರಿಪೇರಿಯಲ್ಲಿ ಬ್ಯಾಟರಿಯನ್ನು ಮುಂದಕ್ಕೆ ಸರಿಸಿ ವೆಲ್ಕ್ರೋ ಪಟ್ಟಿಯಲ್ಲಿ ಬಿಗಿದೆ, ಆಮೇಲೆ ಮುಟ್ಟಲಿಲ್ಲ. ರೆಕ್ಕೆ ಮೇಲಿನ ಹಳೇ ಗುರುತಿಗೆಲ್ಲ ಪೇಂಟರ್ ಟೇಪ್ ಹಚ್ಚಿದೆ, ಉತ್ತರ ಮೊದಲೇ ಗೊತ್ತಿದ್ದರೆ ಕೈ ಅಲ್ಲಿಗೇ ಹೋಗುತ್ತದೆ ಅಲ್ವಾ? ಬ್ಯಾಲೆನ್ಸ್ ಆದ ಜಾಗಕ್ಕೆ ಪೆನ್ಸಿಲ್ ಗುರುತು ಹಾಕುವ ಕೆಲಸ ಮಗಳಿಗೆ.

ಬೆರಳು

ಮೂರು ಸಲ ನೋಡಿದೆ. ಮಗಳು ಗುರುತು ಹಾಕಿ ಸ್ಕೇಲಿನಲ್ಲಿ ಓದಿದಳು: 68, 77, 74. "ಅಪ್ಪಾ, ನೀನು ಮೂರು ಬೇರೆ ಬೇರೆ ವಿಮಾನ ಎತ್ತಿದ್ಯಾ?" ಅಂದಳು.

ಕಾರಣ ಬೆರಳಲ್ಲೇ ಇದೆ. ಬೆರಳ ತುದಿ ಮೆತ್ತಗೆ, ಅಗಲ. ಭಾರ ಬಿದ್ದಾಗ ಹೆಚ್ಚುಕಮ್ಮಿ ಒಂದು ಸೆಂ.ಮೀ. ಜಾಗ ರೆಕ್ಕೆಗೆ ಅಂಟಿಕೊಳ್ಳುತ್ತದೆ. ಸಿಜಿ ಆ ಒಂದು ಸೆಂ.ಮೀ. ಒಳಗೆ ಎಲ್ಲೇ ಇದ್ದರೂ ವಿಮಾನ ಸುಮ್ನೆ ನಿಲ್ಲುತ್ತದೆ. ನಾವು "ಆಹಾ, ಸರಿ ಇದೆ" ಅಂದುಕೊಳ್ಳುತ್ತೇವೆ. ಇನ್ನೊಂದು ತೊಂದರೆ ನನಗೆ ಹೊಳೆದದ್ದೇ ಈಗ. ನನ್ನ ಗುರುತು ಇದ್ದದ್ದು ರೆಕ್ಕೆಯ ಮೇಲ್ಮೈಯಲ್ಲಿ, ಬೆರಳು ಇರುವುದು ಕೆಳಗೆ. ಮೇಲಿನಿಂದ ಬಗ್ಗಿ ನೋಡಿದರೆ ಬೆರಳು ಕಾಣುವುದಿಲ್ಲ. ಕಳೆದ ವರ್ಷದ 12 ಮಿ.ಮೀ. ಬಂದದ್ದು ಈ ಎರಡೂ ಸೇರಿಯೇ ಇರಬೇಕು. ಕೆರೆ ಮೇಲಿನ ಗಾಳಿಯೂ ಒಂದಿಷ್ಟು ಕೈ ಸೇರಿಸಿರಬಹುದು.

ಹಾಗಂತ ಬೆರಳನ್ನು ಬಿಡಲಿಲ್ಲ. ಹೆಂಡತಿಯ ಹರಳಿನ ಬಿಂದಿ ಎರಡು ತೆಗೆದು, ಸರಿಯಾದ ಜಾಗದಲ್ಲಿ, ರೆಕ್ಕೆಯ ಕೆಳಮೈಗೆ ಅಂಟಿಸಿದೆ. ಈಗ ಕಣ್ಣಿನ ಗೊಡವೆ ಇಲ್ಲ. ಬೆರಳಿಗೆ ಹರಳು ಚುಚ್ಚಿದರೆ ಜಾಗ ಸಿಕ್ಕಿತು ಅಂತ. ಬಿಂದಿಯ ಮೇಲೆ ಮತ್ತೆ ಮೂರು ಸಲ ನೋಡಿದೆ, ಮೂರು ಸಲವೂ ಬಾಲ ಚೂರು ಕೆಳಗೆ ಇಳಿಯಿತು. ಅದು ನಿಜವೇ ಆಗಿತ್ತು, ಮುಂದೆ ಗೊತ್ತಾಗುತ್ತದೆ.

ಸ್ಟ್ಯಾಂಡು

ಒಂದು ಪ್ಲೈವುಡ್ ತುಂಡು, ಹಳೇ ಪೊರಕೆಯ ಮರದ ಕೋಲು ಕತ್ತರಿಸಿ 28 ಸೆಂ.ಮೀ. ಎತ್ತರದ ಎರಡು ಕಂಬ. ಕಂಬಗಳ ನಡುವೆ 15 ಸೆಂ.ಮೀ., ವಿಮಾನದ ಒಡಲು ನಡುವೆ ಇಳಿಯಬೇಕು, ಚಕ್ರ ನೆಲ ಮುಟ್ಟಬಾರದು. ಮೊದಲು ಕಂಬಗಳ ತಲೆಗೆ ಮೊಳೆ ಹೊಡೆದಿದ್ದೆ. ಅದು ರೆಕ್ಕೆಗೆ ಹೊದಿಸಿದ ತೆಳು ಫಿಲ್ಮಿಗೆ ತೂತು ಮಾಡಿತು. ಆಮೇಲೆ ಪೆನ್ಸಿಲ್ ರಬ್ಬರನ್ನು ಮನೆಯ ಮಾಡಿನ ಹಾಗೆ ಎರಡು ಕಡೆ ಇಳಿಜಾರಾಗಿ ಕತ್ತರಿಸಿ ಅಂಟಿಸಿದೆ. ತುದಿ ಎರಡು ಮಿ.ಮೀ. ದಪ್ಪ ಇದ್ದರೆ ಸಾಕು. ರಬ್ಬರು ಕೂರುವ ಜಾಗ ಪಕ್ಕೆಲುಬಿನ ಪಟ್ಟಿ, ಅಂದರೆ ರಿಬ್ ಕೆಳಗೇ ಬರಲಿ, ಖಾಲಿ ಫಿಲ್ಮಿನ ಮೇಲೆ ಬೇಡ.

ಇದು ಕೊಟ್ಟ ಲೆಕ್ಕ: 72, 73, 72.

ಸ್ಟ್ಯಾಂಡು ನನಗೆ ಹಿಡಿಸಿದ್ದು ಈ ಅಂಕಿಗಿಂತ ಅದರ ನಡೆಯಿಂದ. ಮೇಲು ರೆಕ್ಕೆಯ ವಿಮಾನದಲ್ಲಿ ಮೋಟಾರು, ಬ್ಯಾಟರಿ, ಒಡಲು ಎಲ್ಲ ರೆಕ್ಕೆಯಿಂದ ಕೆಳಗೆ. ಹಾಗಾಗಿ ಅದು ತಕ್ಕಡಿಯ ದಂಡಿಗೆ ಹಾಗೆ ತೂಗಾಡಿ, ಒಂದು ಕಡೆ ವಾಲಿ, ಅಲ್ಲೇ ನಿಲ್ಲುತ್ತದೆ. ಉರುಳಿ ಬೀಳುವುದಿಲ್ಲ. ಎಷ್ಟು ವಾಲಿತು ಅನ್ನುವುದೂ ಒಂದು ಲೆಕ್ಕವೇ. ನನ್ನ ವಿಮಾನದ ಸಿಜಿ ರೆಕ್ಕೆಯ ಅಡಿಯಿಂದ ಸುಮಾರು 4 ಸೆಂ.ಮೀ. ಕೆಳಗಿದೆ. ಅಲ್ಲಿಗೆ 5 ಮಿ.ಮೀ. ತಪ್ಪಿದರೆ ಹತ್ತಿರ ಹತ್ತಿರ 7 ಡಿಗ್ರಿ ವಾಲುತ್ತದೆ, ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ. ಕೆಳ ರೆಕ್ಕೆಯ ವಿಮಾನ ಆದರೆ ಭಾರ ಆಸರೆಯ ಮೇಲೆ ಬರುತ್ತದೆ, ಒಂದು ಕ್ಷಣವೂ ನಿಲ್ಲದೆ ಮಗುಚುತ್ತದೆ. ಅದನ್ನು ಅಂಗಾತ ಮಲಗಿಸಿಯೇ ನೋಡಬೇಕು.

ಮಟ್ಟ ನೋಡಲು ಅಂತ ಫೋನನ್ನು ತೆಗೆದು ಬಾಲದ ರೆಕ್ಕೆಯ ಮೇಲಿಟ್ಟೆ. ಬಾಲ ದಬಕ್ಕನೆ ನೆಲಕ್ಕೆ. ಇನ್ನೂರು ಗ್ರಾಂ ಫೋನು! ಮಗಳು ನಕ್ಕದ್ದು ಪಕ್ಕದ ಮನೆಗೂ ಕೇಳಿಸಿತು.

ದಾರ

ಹೊರದೇಶದ ಹವ್ಯಾಸಿಗಳು ಇದನ್ನು ವನೆಸ್ಸಾ ರಿಗ್ ಅನ್ನುತ್ತಾರೆ. ನಮ್ಮದು ಹಳೇ ಮನೆ, ನಡುಮನೆಯ ತೊಲೆಯಲ್ಲಿ ತೊಟ್ಟಿಲು ಕಟ್ಟುವ ಕೊಂಡಿ ಇದೆ. ಅದಕ್ಕೆ ದಾರ ಕಟ್ಟಿ, ಎರಡು ಕೋಲು ಇಳಿಬಿಟ್ಟು, ಅವುಗಳಿಂದ ಎರಡು ಜೋಲಿ. ಒಂದು ಜೋಲಿ ಮೂತಿಯ ಕೆಳಗೆ, ಇನ್ನೊಂದು ರೆಕ್ಕೆಯ ಹಿಂದೆ. ಅದೇ ಕೊಂಡಿಯಿಂದ ಗಾರೆ ಕೆಲಸದವರ ತೂಗುಗುಂಡು. ವಿಮಾನ ತೊಟ್ಟಿಲ ಕೂಸಿನ ಹಾಗೆ ತೂಗಾಡಿ ನಿಂತ ಮೇಲೆ, ಗುಂಡಿನ ದಾರ ರೆಕ್ಕೆಯ ನಡು ಮೇಲೆ ಎಲ್ಲಿ ಮುಟ್ಟುತ್ತದೋ ಅದೇ ಸಿಜಿ.

ಸಿಕ್ಕಿದ್ದು 71, ಆಮೇಲೆ 72. ಆದರೆ ಇದಕ್ಕೆ ಹೋದದ್ದು ಒಂದೂವರೆ ಗಂಟೆ. ಫ್ಯಾನ್ ಆರಿಸಬೇಕು, ಯಾರೂ ಓಡಾಡಬಾರದು. ವಿಮಾನ ಸಮಮಟ್ಟ ಇರಲೇಬೇಕು. ರೆಕ್ಕೆಯ ಮೇಲ್ಮೈ ಸಿಜಿಗಿಂತ ಸುಮಾರು 7 ಸೆಂ.ಮೀ. ಮೇಲಿರುವುದರಿಂದ 5 ಡಿಗ್ರಿ ವಾಲಿದರೂ ಲೆಕ್ಕ 6 ಮಿ.ಮೀ. ಹೊರಳುತ್ತದೆ. ಮೊದಲ ಸಲ 65 ಬಂದದ್ದು ಹಾಗೇ, ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ. ಈ ಗಾತ್ರದ ಟ್ರೈನರಿಗೆ ಇಷ್ಟು ಸಂಭ್ರಮ ಜಾಸ್ತಿಯಾಯಿತು. ಕೈಯಲ್ಲಿ ಎತ್ತಲಾಗದ ದೊಡ್ಡ ವಿಮಾನ, ಎರಡು ಅಂತಸ್ತಿನ ರೆಕ್ಕೆಯದು, ಇಂಥವಕ್ಕೆ ಬೇಕು.

ದಾರದ ನೆಪದಲ್ಲಿ ಇನ್ನೊಂದು ಕೆಲಸ ಆಯಿತು. ಪ್ರೊಪೆಲ್ಲರಿನ ಶಾಫ್ಟಿಗೆ ಒಂದು ದಾರ, ಬಾಲದ ತುದಿಗೆ ಒಂದು ದಾರ ಕಟ್ಟಿ ನೇತುಹಾಕಿದರೆ ಎಡ ಬಲ ಯಾವ ರೆಕ್ಕೆ ಭಾರ ಅಂತ ಗೊತ್ತಾಗುತ್ತದೆ. ನನ್ನದರಲ್ಲಿ ಬಲ ರೆಕ್ಕೆ ನಿಧಾನಕ್ಕೆ ಇಳಿಯುತ್ತಿತ್ತು. ಟೈರ್ ಅಂಗಡಿಯಲ್ಲಿ ವೀಲ್ ಬ್ಯಾಲೆನ್ಸಿಂಗ್‌ಗೆ ಅಂಟಿಸುವ 5 ಗ್ರಾಂ ತುಂಡು ಒಂದನ್ನು ಎಡ ತುದಿಗೆ ಹಚ್ಚಿದೆ, ನಿಂತಿತು.

ತಕ್ಕಡಿ

ಅಡುಗೆಮನೆಯ ಡಿಜಿಟಲ್ ತಕ್ಕಡಿ. ಮೊದಲು ಅದನ್ನೇ ಪರೀಕ್ಷೆ ಮಾಡಿದೆ. ಹತ್ತು ರೂಪಾಯಿ ನಾಣ್ಯ ಒಂದಕ್ಕೆ ಹತ್ತಿರ ಹತ್ತಿರ 7.7 ಗ್ರಾಂ. ಹತ್ತು ನಾಣ್ಯ ಇಟ್ಟೆ, 77 ತೋರಿಸಿತು. ನಂಬಬಹುದು.

ಮುಂದಿನ ಚಕ್ರ ತಕ್ಕಡಿ ಮೇಲೆ, ಹಿಂದಿನ ಎರಡು ಚಕ್ರ ಅಷ್ಟೇ ಎತ್ತರದ ಪುಸ್ತಕಗಳ ಮೇಲೆ. ಮುಂದಿನ ಚಕ್ರದ ಮೇಲೆ 210 ಗ್ರಾಂ. ಮುಂದಿನ ಮತ್ತು ಹಿಂದಿನ ಚಕ್ರದ ನಡುವೆ 32 ಸೆಂ.ಮೀ. 210ನ್ನು 32ರಿಂದ ಗುಣಿಸಿ, ಒಟ್ಟು ತೂಕ 1400ರಿಂದ ಭಾಗಿಸಿದರೆ 4.8. ಅಂದರೆ ಸಿಜಿ ಹಿಂದಿನ ಚಕ್ರಕ್ಕಿಂತ 4.8 ಸೆಂ.ಮೀ. ಮುಂದೆ. ಆ ಚಕ್ರ ರೆಕ್ಕೆಯ ಮುಂದಿನ ಅಂಚಿನಿಂದ 12 ಸೆಂ.ಮೀ. ಹಿಂದಿದೆ. ಕಳೆದರೆ 7.2, ಅಂದರೆ 72 ಮಿ.ಮೀ.

ಓದಲು ಎಷ್ಟು ಸಲೀಸು! ಆದರೆ ಮೊದಲ ಸಲ ನನಗೆ ಬಂದದ್ದು 67. ವಿಮಾನವನ್ನು ಅಂಗಾತ ಮಲಗಿಸಿ ಚಕ್ರದ ಅಳತೆ ತೆಗೆದಿದ್ದೆ. ನಿಂತಾಗ ಭಾರಕ್ಕೆ ಹಿಂದಿನ ಚಕ್ರದ ತಂತಿ ಹಿಂದಕ್ಕೆ ಬಾಗುತ್ತದೆ, ನನ್ನದರಲ್ಲಿ 6 ಮಿ.ಮೀ. ತೂಕದಲ್ಲಿ ಒಂದೆರಡು ಗ್ರಾಂ ತಪ್ಪಿದರೆ ಉತ್ತರ ಅಲ್ಲಾಡುವುದೇ ಇಲ್ಲ. ಚಕ್ರಗಳ ನಡುವಿನ ಅಂತರ 5 ಮಿ.ಮೀ. ತಪ್ಪಿದರೂ ಒಂದು ಮಿ.ಮೀ. ಕೂಡ ಆಗುವುದಿಲ್ಲ. ಆದರೆ ಅಂಚಿನಿಂದ ಹಿಂದಿನ ಚಕ್ರದ ಅಳತೆ ಎಷ್ಟು ತಪ್ಪುತ್ತದೋ ಅಷ್ಟೂ ನೇರವಾಗಿ ಉತ್ತರಕ್ಕೆ ಸೇರುತ್ತದೆ. ಹಾಗಾಗಿ ವಿಮಾನ ನಿಂತಿರುವಾಗಲೇ, ಅಂಚಿನಿಂದ ತೂಗುಗುಂಡು ಇಳಿಬಿಟ್ಟು ನೆಲದ ಮೇಲೆ ಅಳೆಯಿರಿ. ಟೇಪನ್ನು ಓರೆ ಹಿಡಿದರೆ ಮುಗಿಯಿತು.

ಗೆಳೆಯರೊಬ್ಬರ ಬಳಿ ಡಿಜಿಟಲ್ ಸಿಜಿ ಮೀಟರ್ ಇದೆ, ಒಂದು ದಿನ ಎರವಲು ತಂದೆ. 71.8 ಅಂತ ದಶಮಾಂಶದಲ್ಲಿ ಹೇಳಿತು. ಒಳಗೆ ನಡೆಯುವುದು ಇದೇ ತಕ್ಕಡಿ ಲೆಕ್ಕ, ಗುಣಾಕಾರ ನಮಗೆ ಕಾಣುವುದಿಲ್ಲ ಅಷ್ಟೇ. ನನ್ನ ದುಡ್ಡು ಕೊಟ್ಟು ನಾನಂತೂ ತರುವುದಿಲ್ಲ.

ಹಾಗಾದರೆ ನಾನು ಯಾವುದನ್ನು ಇಟ್ಟುಕೊಂಡೆ? ಸ್ಟ್ಯಾಂಡು, ಎರಡನೇ ಮಾತಿಲ್ಲ. ಹೊಸ ವಿಮಾನ ಕಟ್ಟಿದಾಗ ಮಾತ್ರ ಒಂದು ಸಲ ತಕ್ಕಡಿ, ಸ್ಟ್ಯಾಂಡಿನ ಮಾತು ನಿಜವೇ ಅಂತ ನೋಡಲು. ಕೆರೆ ಅಂಗಳದಲ್ಲಿ ಬೆರಳು ಮತ್ತು ಬಿಂದಿ.

ಇನ್ನು ಉಳಿದದ್ದು 72ನ್ನು 70ಕ್ಕೆ ತರುವುದು. ಮೂತಿಗೆ ಸೀಸ ತುಂಬುವ ಅಭ್ಯಾಸ ಕೆಲವರಿಗೆ. ಅದು ಹೊಸದೇನಲ್ಲ. 1904ರಲ್ಲಿ ರೈಟ್ ಸಹೋದರರು ತಮ್ಮ ವಿಮಾನ ಏಳುಬೀಳು ಮಾಡುತ್ತದೆ ಅಂತ ಮುಂದೆ ಸುಮಾರು 32 ಕಿಲೋ ಕಬ್ಬಿಣ ಹೊರಿಸಿದ್ದರು. ನಮಗೆ ಆ ಗತಿ ಬೇಡ, ಬ್ಯಾಟರಿ ಇದೆ. 1400 ಗ್ರಾಂ ವಿಮಾನವನ್ನು 2 ಮಿ.ಮೀ. ಸರಿಸಲು 180 ಗ್ರಾಂ ಬ್ಯಾಟರಿಯನ್ನು ಸುಮಾರು 16 ಮಿ.ಮೀ. ಮುಂದೆ ತಳ್ಳಿದರೆ ಆಯಿತು. ತಳ್ಳಿದೆ. ಸ್ಟ್ಯಾಂಡಿನ ಮೇಲೆ 70ಕ್ಕೆ ಸಮ ನಿಂತಿತು. ಬ್ಯಾಟರಿ ಕೂರುವ ಜಾಗದಲ್ಲಿ ಮಾರ್ಕರಿನಿಂದ ನೀಲಿ ಗೆರೆ ಎಳೆದೆ.

ಮುಂದಿನ ಭಾನುವಾರ ಅದೇ ಅಂಗಳದಲ್ಲಿ ಎತ್ತಿದೆ. ರಿಮೋಟಿನ ಟ್ರಿಮ್, ಅಂದರೆ ಮೂತಿಯ ಮಟ್ಟವನ್ನು ಚೂರು ಚೂರೇ ಸರಿಪಡಿಸುವ ಗುಂಡಿ, ಎರಡು ಕ್ಲಿಕ್ ಕೆಳಗೆ ಒತ್ತಿದ್ದು ಬಿಟ್ಟರೆ ಬೇರೇನೂ ಮಾಡಬೇಕಾಗಲಿಲ್ಲ. ಮೊನ್ನೆ ಎರಡನೇ ಬ್ಯಾಟರಿ ತಂದೆ, ಅದು 212 ಗ್ರಾಂ ತೂಗುತ್ತದೆ. ನೀಲಿ ಗೆರೆಯಲ್ಲೇ ಕೂರಿಸಿದರೆ ಮೂತಿ ಭಾರ. ಅದಕ್ಕೆ ಎರಡು ಸೆಂ.ಮೀ. ಚಿಲ್ಲರೆ ಹಿಂದೆ ಒಂದು ಕೆಂಪು ಗೆರೆ.