ನೇರಳೆ-ಬೂದು ಗೋಡೆಗೆ ಮಷಿನ್ ಮಿಕ್ಸೋ, ಕೈ ಮಿಕ್ಸೋ?

ಗೋಡೆ ಬಣ್ಣವನ್ನ ಅಂಗಡಿ ಮಷಿನ್‌ನಲ್ಲಿ ಬೆರೆಸಿಸೋದು ಒಳ್ಳೇದೋ, ಪೇಂಟರ್ ಕೈಯಲ್ಲಿ ಕಲೆಸಿಸೋದೋ? ಮೊದಲೇ ಹೇಳಿಬಿಡ್ತೀನಿ, ನನ್ನ ಓಟು ಮಷಿನ್ ಮಿಕ್ಸಿಗೆ. ಕೈಯಲ್ಲಿ ಕಲೆಸಿದ ಬಣ್ಣದ ಗೋಡೆಗೆ ಬೀರು ಅಡ್ಡ ಇಟ್ಟು ಮುಚ್ಚಿಕೊಂಡು ಕೂತಿದ್ದೀನಿ.

ತುಮಕೂರಿನ ಕ್ಯಾತ್ಸಂದ್ರದಲ್ಲಿ ನಮ್ಮದು ಹಳೇ ಮನೆ, ಕೆಂಪು ರೆಡ್ ಆಕ್ಸೈಡ್ ನೆಲ. ಕ್ರೀಂ ಗೋಡೆ ನೋಡಿ ನೋಡಿ ಬೇಜಾರಾಗಿ, ಈ ಸಲ ಮಾಸಲು ನೇರಳೆ ಹೊಡೆಸೋಣ ಅಂತ ಹೊರಟೆ. ಬೂದಿಗೆ ಎರಡು ಹನಿ ನೇರಳೆ ಹಣ್ಣಿನ ರಸ ಬಿದ್ದ ಹಾಗಿರುತ್ತಲ್ಲ, ಅದು. ಹಾಲ್‌ಗೆ ಶೇಡ್ ಕಾರ್ಡಿನ ನಂಬರ್ ಕೊಟ್ಟು ಅಂಗಡಿಯ ಮಷಿನ್‌ನಲ್ಲೇ ಮಾಡಿಸಿದ ಎಮಲ್ಷನ್ (ನೀರು ಬೆರೆಸಿ ಹೊಡೆಯೋ ಗೋಡೆ ಪೇಂಟ್) ತಂದೆವು. ಮಲಗುವ ಕೋಣೆಗೆ ಮಾತ್ರ ದುಡ್ಡು ಉಳಿಸೋ ಆಸೆ: ಬಿಳಿ ಎಮಲ್ಷನ್‌ಗೆ ಪೇಂಟರ್ ನೇರಳೆ, ಕಪ್ಪು ಸ್ಟೈನರ್ (ಬಣ್ಣ ಬರಿಸೋ ಗಟ್ಟಿ ದ್ರವ) ಹಾಕಿ ಕಲೆಸಿಕೊಟ್ಟರು. ಉಳಿದದ್ದು 900 ರೂಪಾಯಿ.

10 ಅಡಿಗೆ 12 ಅಡಿ ಕೋಣೆ, 4 ಲೀಟರ್ ಸಾಕು ಅಂದಿದ್ದರು. ಕಿಟಕಿ ಗೋಡೆಗೆ ಬರೋ ಹೊತ್ತಿಗೆ ಬಕೆಟ್ ತಳ ಕಾಣಿಸಿತು. ಇನ್ನೊಂದು ಲೀಟರ್ ಬಿಳಿ ಬಂತು. ಸ್ಟೈನರ್ ಸುರಿದು, ಕೋಲಲ್ಲಿ ತಿರುವಿ, ಆ ಕೋಲನ್ನೇ ಪಕ್ಕದ ಗೋಡೆಗೆ ಹಿಡಿದು "ನೋಡಿ ಅಕ್ಕ, ಸೇಮ್ ಬಂತು" ಅಂದರು. ನನ್ನ ಕಣ್ಣಿಗೂ ಸೇಮೇ.

ಎಡವಟ್ಟಾಗಿದ್ದು ಅಲ್ಲೇ. ಎಮಲ್ಷನ್ ಹಸಿ ಇದ್ದಾಗ ತಿಳಿಯಾಗಿ ಕಾಣುತ್ತೆ, ಒಣಗಿದ ಮೇಲೆ ಕೊಂಚ ಗಾಢವಾಗುತ್ತೆ. ನಾವು ಒಣಗಿದ ಗೋಡೆಗೆ ಹಸಿ ಬಣ್ಣ ಹೊಂದಿಸಿದ್ದೆವು! ಬೆಳಿಗ್ಗೆ ಎದ್ದು ನೋಡಿದರೆ ಮೂರು ಗೋಡೆ ಒಂದು ಥರ, ನಾಲ್ಕನೆಯದೇ ಬೇರೆ. ಅದರ ಮೇಲೆ ಕಪ್ಪು ಜಾಸ್ತಿ ಹಾಕಿದ ಇನ್ನೊಂದು ಕೋಟ್ ಹೊಡೆದರು, ಇನ್ನೂ ಕೆಟ್ಟಿತು. ಕ್ರೀಂ ಆಗಿದ್ದರೆ ಇಷ್ಟು ವ್ಯತ್ಯಾಸ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಈ ಬಣ್ಣ ಹಾಗಲ್ಲ, ಬೂದಿಗೆ ಇಷ್ಟು ಹತ್ತಿರ ಇರೋದರಿಂದ ಒಂದು ಚೂರು ಹೆಚ್ಚುಕಮ್ಮಿ ಆದರೂ ಹೆಸರೇ ಬದಲಾಗುತ್ತೆ. ಅತ್ತೆ ಬಾಗಿಲಲ್ಲಿ ನಿಂತು, "ಮೂರು ಕಡೆ ರಾಗಿಮುದ್ದೆ, ಒಂದು ಕಡೆ ಬದನೆಕಾಯಿ ಗೊಜ್ಜು. ಊಟಕ್ಕೆ ಕೂರೋದೊಂದೇ ಬಾಕಿ" ಅಂದರು.

ಹಾಲ್‌ಗೂ ಒಂದು ಲೀಟರ್ ಕಮ್ಮಿ ಬಿತ್ತು. ಆದರೆ ಡಬ್ಬದ ಮುಚ್ಚಳದ ಚೀಟಿಯಲ್ಲಿ ಶೇಡ್ ನಂಬರ್, ಬೇಸ್ (ಬಣ್ಣ ಬೆರೆಸೋ ಮೂಲ ಪೇಂಟ್) ಯಾವುದು ಎಲ್ಲಾ ಬರೆದಿತ್ತು. ಅದರ ಫೋಟೊ ತೋರಿಸಿದೆ, ಬಿ.ಎಚ್. ರಸ್ತೆಯ ಅಂಗಡಿಯಲ್ಲಿ ಹತ್ತು ನಿಮಿಷದ ಕೆಲಸ. ಹೊಸದನ್ನ ಹಳೇ ಬಕೆಟ್‌ಗೆ ಸುರಿದು ಕಲೆಸಿಯೇ ಹೊಡೆಸಿದೆ, ಗೋಡೆ ನಡುವೆ ಡಬ್ಬ ಬದಲಾಯಿಸಲಿಲ್ಲ.

ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಕೈ ಮಿಕ್ಸಿನ ಬಣ್ಣ ಬಟ್ಟೆಗೆ ಹತ್ತುತ್ತೆ. ಸ್ಟೈನರ್ ಅತಿಯಾಗಿದೆ.

ಹಾಗಂತ ಹಾಲ್‌ನಲ್ಲಿ ಎಲ್ಲಾ ಸರಿ ಅಂತಲ್ಲ. ಬೆಳಗಿನ ಬಿಸಿಲು ಕೆಂಪು ನೆಲಕ್ಕೆ ಬಿದ್ದಾಗ ಗೋಡೆಯ ಕೆಳಗಿನ ಎರಡಡಿ ಗುಲಾಬಿಗೆ ತಿರುಗುತ್ತೆ. ಜಮಖಾನ ಹಾಸಿದರೆ ಮಾಯ. ರಾತ್ರಿ ಹಳದಿ ಬಲ್ಬ್ ಹಾಕಿದರೆ ನೇರಳೆ ಸತ್ತು ಕೆಸರು ಬಣ್ಣ ಆಗುತ್ತೆ. 6500 ಕೆಲ್ವಿನ್‌ನ (ಬೆಳಕಿನ ಬಣ್ಣದ ಅಳತೆ, ಡಬ್ಬಿ ಮೇಲೆ ಇರುತ್ತೆ) ಬಿಳಿ ಟ್ಯೂಬಿಗೆ ನೀಲಿ ಹೊಡೆಯುತ್ತೆ. ನಡುವಿನ 4000 ಕೆಲ್ವಿನ್‌ನದ್ದು ಹಾಕಿಸಿದ ಮೇಲೆ ಕಾರ್ಡಿನಲ್ಲಿ ನೋಡಿದ ಬಣ್ಣ ಸಿಕ್ಕಿತು.

ಸ್ಟೋರ್ ರೂಮಿಗೆ, ಕ್ರೀಮಿಗೆ ಕೈ ಮಿಕ್ಸೇ ಸಾಕು, ನಾನೂ ಅದನ್ನೇ ಮಾಡಿಸೋದು. ಮಲಗುವ ಕೋಣೆಗೆ ಮಾತ್ರ ಯುಗಾದಿ ಹೊತ್ತಿಗೆ ಹಾಲ್‌ನ ನಂಬರನ್ನೇ ಹೊಡೆಸಬೇಕು. ಆ 900 ರೂಪಾಯಿಗೆ ಇನ್ನೆಷ್ಟು ಸೇರಿಸಬೇಕೋ, ಅಲ್ಲೀವರೆಗೆ ಬೀರು ಅಲ್ಲೇ ಇರುತ್ತೆ.