ಅಲರ್ಜಿ ಮದ್ದುಗಳ ಹೋಲಿಕೆ: ಮೂಗಿಗೆ ಎಷ್ಟು, ಮಿದುಳಿಗೆ ಎಷ್ಟು?

ಬೆಂಗಳೂರಿನಲ್ಲಿ ಅಲರ್ಜಿ ಮೂಗಿನವರನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ದೂಳು, ಹಾಸಿಗೆಯೊಳಗಿನ ನುಸಿ, ಖಾಲಿ ಸೈಟುಗಳಲ್ಲಿ ಸೊಂಪಾಗಿ ಬೆಳೆದ ಪಾರ್ಥೇನಿಯಂ, ಎಲ್ಲವೂ ಇಲ್ಲೇ ಇವೆ. ನಾನೂ ಆ ಗುಂಪಿನವನೇ. ಎದ್ದ ತಕ್ಷಣ ಸಾಲು ಸೀನು, ಮೂಗಿನಲ್ಲಿ ನೀರು, ಅಂಗಳಿನಲ್ಲಿ ನವೆ. ರಾತ್ರಿಯಾದರೆ ಮೂಗು ಕಟ್ಟುತ್ತದೆ. ಒಂಟಿ ಸೀನು ಅಪಶಕುನ ಅಂತಾರಲ್ಲ, ನನಗೆ ಆ ಭಯವಿಲ್ಲ. ನನ್ನ ಸೀನು ಒಂಟಿಯಾಗಿ ಬಂದದ್ದೇ ಇಲ್ಲ.

ಡಾಕ್ಟರ ಸಲಹೆಯಂತೆ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಮದ್ದು ಬಳಸಿದ್ದೇನೆ. ಇಲ್ಲಿ ಹೋಲಿಸುತ್ತಿರುವುದು ಅವುಗಳನ್ನೇ. ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುವವನು. ಹಾಗಾಗಿ ನನ್ನ ಪರೀಕ್ಷೆ ಎರಡೇ. ಮೂಗು ಸುಮ್ಮನಾಯಿತೇ? ಮಧ್ಯಾಹ್ನ ಕೂತು ಉತ್ತರ ಪತ್ರಿಕೆ ತಿದ್ದುವಾಗ ತಲೆ ಓಡಿತೇ?

ಎರಡನೇ ಪ್ರಶ್ನೆ ಯಾಕೆ ಅಂದರೆ, ನಮ್ಮ ಪಠ್ಯದಲ್ಲಿ ನರಮಂಡಲ ಪ್ರಥಮ ಪಿಯುನಲ್ಲಿದೆ, ರೋಗನಿರೋಧಕ ವ್ಯವಸ್ಥೆ ದ್ವಿತೀಯ ಪಿಯುನಲ್ಲಿದೆ. ನಡುವೆ ಒಂದು ವರ್ಷದ ಅಂತರ. ದೇಹಕ್ಕೆ ಈ ಅಂತರ ಗೊತ್ತಿಲ್ಲ. ಅಲರ್ಜಿ ಮಾತ್ರೆ ನುಂಗಿದಾಗ ಎರಡೂ ಅಧ್ಯಾಯಗಳು ಒಟ್ಟಿಗೇ ಶುರುವಾಗುತ್ತವೆ.

ಮೊದಲು ಮೂಗಿನೊಳಗೆ ಏನಾಗುತ್ತದೆ ನೋಡೋಣ. ಅಲರ್ಜಿ ಗುಣದವರ ದೇಹ ಪರಾಗದಂಥ ನಿರುಪದ್ರವಿ ವಸ್ತುವಿನ ವಿರುದ್ಧವೂ ಐಜಿಇ ಎಂಬ ಪ್ರತಿಕಾಯ ತಯಾರಿಸಿಟ್ಟುಕೊಳ್ಳುತ್ತದೆ. ಈ ಐಜಿಇ ಹೋಗಿ ಮೂಗಿನ ಒಳಪೊರೆಯ ಮಾಸ್ಟ್ ಕೋಶಗಳ ಮೈಮೇಲೆ ಕೂರುತ್ತದೆ. ಮುಂದಿನ ಸಲ ಅದೇ ಪರಾಗ ಬಂದು ಐಜಿಇಗೆ ಅಂಟಿಕೊಂಡರೆ ಮಾಸ್ಟ್ ಕೋಶ ತನ್ನೊಳಗಿನ ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಹೊರಚೆಲ್ಲುತ್ತದೆ. ನಿಮಿಷಗಳೊಳಗೆ ಮುಗಿಯುವ ಕೆಲಸ ಇದು. ಇಲ್ಲಿಯವರೆಗೂ ರೋಗನಿರೋಧಕ ವ್ಯವಸ್ಥೆಯ ಕಥೆ.

ಆದರೆ ಸೀನುವುದು ರೋಗನಿರೋಧಕ ವ್ಯವಸ್ಥೆ ಅಲ್ಲ, ನರಮಂಡಲ. ಹಿಸ್ಟಮಿನ್ ಮೂಗಿನಲ್ಲಿರುವ ಟ್ರೈಜೆಮಿನಲ್ ನರದ ತುದಿಗಳನ್ನು ಕೆರಳಿಸುತ್ತದೆ. ಸುದ್ದಿ ಮಿದುಳ ಬುಡದ ಮೆಡುಲ್ಲಾಕ್ಕೆ ಹೋಗುತ್ತದೆ. ಅಲ್ಲಿಂದ ವಪೆಗೂ (ಡಯಾಫ್ರಂ) ಎದೆಯ ಸ್ನಾಯುಗಳಿಗೂ ಅಪ್ಪಣೆ ಬರುತ್ತದೆ. ಆಮೇಲೆ ‘ಆಕ್ಷೀ’. ಮೂಗು ಸೋರುವುದರಲ್ಲೂ ನರಗಳ ಪಾಲಿದೆ. ಗ್ರಂಥಿಗಳಿಗೆ ನೀರು ಸುರಿಸು ಎಂದು ಹೇಳುವುದು ನಮ್ಮ ಅಪ್ಪಣೆಗೆ ಕಾಯದೆ ತಾವಾಗಿಯೇ ಕೆಲಸ ಮಾಡುವ ಪ್ಯಾರಾಸಿಂಪಥೆಟಿಕ್ ನರಗಳು.

ಇನ್ನೊಂದು ಸಂಗತಿ. ಇದೇ ಹಿಸ್ಟಮಿನ್ ಮಿದುಳಿನೊಳಗೆ ಬೇರೆಯೇ ಕೆಲಸ ಮಾಡುತ್ತದೆ. ಹೈಪೋಥಲಾಮಸ್‌ನ ಹಿಂಭಾಗದಲ್ಲಿ ಒಂದು ಚಿಕ್ಕ ನರಕೋಶಗಳ ಗುಂಪಿದೆ. ಅದರ ಎಳೆಗಳು ಮಿದುಳಿನ ಎಲ್ಲ ಕಡೆಗೂ ಹರಡಿವೆ. ನಾವು ಎಚ್ಚರವಾಗಿರುವಾಗ ಅದು ಹಿಸ್ಟಮಿನ್ ಬಿಡುತ್ತಲೇ ಇರುತ್ತದೆ, ನಿದ್ದೆಯಲ್ಲಿ ಸುಮ್ಮನಾಗುತ್ತದೆ. ನಮ್ಮನ್ನು ಎಚ್ಚರವಿಡುವ ವಸ್ತುಗಳಲ್ಲಿ ಹಿಸ್ಟಮಿನ್ ಕೂಡ ಒಂದು. ಮೂಗಿನಲ್ಲಿ ಅದನ್ನು ತಡೆಯುವ ಮಾತ್ರೆ ಮಿದುಳಿಗೂ ಹೋದರೆ ಏನಾಗಬಹುದು, ನೀವೇ ಹೇಳಿ.

ಕ್ಲೋರ್‌ಫೆನಿರಮೈನ್ ಮಾಡುವುದು ಅದನ್ನೇ. ಇದು 1940ರ ದಶಕದ ಕೊನೆಯಲ್ಲಿ ಬಂದ ಹಳೇ ತಲೆಮಾರಿನ ಮಾತ್ರೆ. ಈಗಲೂ ಮೆಡಿಕಲ್ ಶಾಪಿನಲ್ಲಿ ‘ನೆಗಡಿಗೆ ಒಂದು ಮಾತ್ರೆ ಕೊಡಿ’ ಅಂದರೆ ಸಿಗುವ ಎಷ್ಟೋ ಮಿಶ್ರಣಗಳಲ್ಲಿ ಪ್ಯಾರಾಸಿಟಮಾಲ್ ಜೊತೆ ಇದೂ ಇರುತ್ತದೆ. ಸ್ಟ್ರಿಪ್ ತಿರುಗಿಸಿ ಹಿಂದೆ ಓದಿ ನೋಡಿ. ಮೂಗಿನ ವಿಷಯದಲ್ಲಿ ಇದಕ್ಕೆ ಪೂರ್ತಿ ಅಂಕ ಕೊಡುತ್ತೇನೆ. ಸೀನು ನಿಂತಿತು, ನವೆ ಹೋಯಿತು, ಮೂಗು ಒಣಗಿತು. ಬಾಯಿಯೂ ಒಣಗಿತು. ಯಾಕಂದರೆ ಇದು ಹಿಸ್ಟಮಿನ್ ಜೊತೆಗೆ, ನರಗಳು ಸಂದೇಶಕ್ಕೆ ಬಳಸುವ ಅಸಿಟೈಲ್‌ಕೋಲಿನ್ ಎಂಬ ವಸ್ತುವಿನ ಗ್ರಾಹಕಗಳನ್ನೂ (ಕೋಶದ ಮೇಲೆ ಸಂದೇಶ ಹಿಡಿಯುವ ರಿಸೆಪ್ಟರ್‌ಗಳು) ಸ್ವಲ್ಪ ಮಟ್ಟಿಗೆ ತಡೆಯುತ್ತದೆ. ಮೇಲೆ ಹೇಳಿದ ಪ್ಯಾರಾಸಿಂಪಥೆಟಿಕ್ ನರಗಳ ಮಾತು ಗ್ರಂಥಿಗಳಿಗೆ ಮುಟ್ಟುವುದೇ ಆ ಗ್ರಾಹಕಗಳ ಮೂಲಕ.

ತಲೆಯ ಕಥೆ ಬೇಡ. ರಾತ್ರಿ ತೆಗೆದುಕೊಂಡರೆ ಒಳ್ಳೇ ನಿದ್ದೆ ಬಂತು, ನಿಜ. ಆದರೆ ಮಾರನೇ ದಿನ ಮಧ್ಯಾಹ್ನದವರೆಗೂ ಮಂಪರು ಬಿಡಲಿಲ್ಲ. ವಯಸ್ಕರಲ್ಲಿ ಇದು ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 20 ಗಂಟೆ ಬೇಕು. ಬೆಳಗ್ಗೆ ಎದ್ದಾಗ ಮಾತ್ರೆ ಇನ್ನೂ ಒಳಗೇ ಇರುತ್ತದೆ. ಅಂಕ ಕೂಡುವಾಗ ಪ್ರತಿ ಪತ್ರಿಕೆಯನ್ನೂ ಇನ್ನೊಂದು ಸಲ ನೋಡಬೇಕು ಅನ್ನಿಸುತ್ತಿತ್ತು.

‘ನಂಗೇನೂ ನಿದ್ದೆ ಬರಲ್ಲಪ್ಪ, ನಾನು ಆರಾಮಾಗಿ ಗಾಡಿ ಓಡಿಸ್ತೀನಿ’ ಅನ್ನುವವರಿದ್ದಾರೆ. ಅವರಿಗಾಗಿ ಒಂದು ಪ್ರಯೋಗ ಹೇಳಬೇಕು. 2000ರಲ್ಲಿ ಅಮೆರಿಕದ ಅಯೋವಾದಲ್ಲಿ ಡ್ರೈವಿಂಗ್ ಸಿಮ್ಯುಲೇಟರ್ ಬಳಸಿ ಹೋಲಿಕೆ ಮಾಡಿದರು. ಇದೇ ಹಳೇ ತಲೆಮಾರಿನ ಡೈಫೆನ್‌ಹೈಡ್ರಮೈನ್ ತೆಗೆದುಕೊಂಡವರು ಮದ್ಯ ಕುಡಿದವರಿಗಿಂತ ಕೆಟ್ಟದಾಗಿ ಓಡಿಸಿದರು. ತಮಗೆ ಎಷ್ಟು ನಿದ್ದೆ ಬರುತ್ತಿದೆ ಎಂದು ಅವರು ಹೇಳಿದ್ದಕ್ಕೂ ಅವರು ಓಡಿಸಿದ ರೀತಿಗೂ ಹೆಚ್ಚು ತಾಳೆ ಇರಲಿಲ್ಲ. ತೂಕಡಿಕೆ ಬರಲಿಲ್ಲ ಎಂದರೆ ಮಿದುಳು ಸರಿಯಾಗಿದೆ ಎಂದಲ್ಲ. ನನ್ನ ಅಂಕ ಕೂಡುವ ಪರೀಕ್ಷೆ ಅಷ್ಟೇನೂ ಹುಚ್ಚಲ್ಲ ಅಲ್ವಾ?

ಸೆಟಿರಿಜಿನ್ ಮುಂದಿನ ತಲೆಮಾರು. ನಮ್ಮಲ್ಲಿ ಅತಿ ಅಗ್ಗ, ಎಲ್ಲರ ಬ್ಯಾಗಿನಲ್ಲೂ ಇರುವಂಥದ್ದು. ಸುಮಾರು ಒಂದು ಗಂಟೆಯಲ್ಲಿ ಕೆಲಸ ಶುರು, ದಿನಕ್ಕೆ ಒಂದು ಸಾಕು. ನವೆಯ ಮಟ್ಟಿಗೆ ನನ್ನ ಅನುಭವದಲ್ಲಿ ಇದನ್ನು ಮೀರಿಸಿದ್ದಿಲ್ಲ. ನಿದ್ದೆಯ ವಿಷಯದಲ್ಲಿ ಹಳೆಯದಕ್ಕಿಂತ ಎಷ್ಟೋ ವಾಸಿ. ಆದರೂ ಊಟದ ನಂತರದ ಪೀರಿಯಡ್ಡಿನಲ್ಲಿ ಕಣ್ಣು ಎಳೆಯುತ್ತಿತ್ತು. ಮುದ್ದೆಯದೋ ಮಾತ್ರೆಯದೋ ಎಂದು ಹೇಳುವುದು ಕಷ್ಟ ಅನ್ನಬಹುದು. ಆದರೆ ಮುದ್ದೆ ಎಲ್ಲ ದಿನವೂ ಇತ್ತು, ಕಣ್ಣೆಳೆತ ಮಾತ್ರೆಯ ದಿನಗಳಲ್ಲಿ ಮಾತ್ರ. ಲೆವೊಸೆಟಿರಿಜಿನ್ ಇದರದೇ ಒಂದು ಪಾಲು, ಅರ್ಧ ಡೋಸಿನಲ್ಲಿ ಕೊಡುತ್ತಾರೆ. ನನಗೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ.

ಫೆಕ್ಸೊಫೆನಡಿನ್‌ನಲ್ಲಿ ಆ ಕಣ್ಣೆಳೆತ ಇರಲೇ ಇಲ್ಲ. ಸೀನು ಮತ್ತು ಸೋರುವಿಕೆಗೆ ಸೆಟಿರಿಜಿನ್‌ಗೆ ಹೆಚ್ಚುಕಡಿಮೆ ಸಮ, ನವೆಗೆ ಒಂದು ಕೈ ಕಡಿಮೆ. ಬೆಲೆ ಜಾಸ್ತಿ. ಮೊದಲು ಟರ್ಫೆನಡಿನ್ ಎಂಬ ಮಾತ್ರೆ ಇತ್ತು. ಕೆಲವರಲ್ಲಿ ಅದು ಹೃದಯದ ಬಡಿತದ ಲಯ ಕೆಡಿಸುತ್ತದೆ ಎಂದು ಗೊತ್ತಾಗಿ ಅಮೆರಿಕದ ಮಾರುಕಟ್ಟೆಯಿಂದ ಹೊರಹೋಯಿತು. ಯಕೃತ್ತು ಆ ಟರ್ಫೆನಡಿನ್ ಅನ್ನು ಬದಲಾಯಿಸಿ ಮಾಡಿಕೊಳ್ಳುತ್ತಿದ್ದ ವಸ್ತುವೇ ಫೆಕ್ಸೊಫೆನಡಿನ್. ಹೃದಯಕ್ಕೆ ಆ ತೊಂದರೆ ಕೊಡದ ಇದನ್ನೇ ಆಮೇಲೆ ನೇರವಾಗಿ ಮಾತ್ರೆ ಮಾಡಿದರು.

ಮಿದುಳಿಗೆ ಇದು ಯಾಕೆ ಹೋಗುವುದಿಲ್ಲ? ಮಿದುಳಿನ ರಕ್ತನಾಳಗಳ ಗೋಡೆಯ ಕೋಶಗಳು ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಂಡಿವೆ. ಕೊಬ್ಬಿನಲ್ಲಿ ಕರಗುವ ಚಿಕ್ಕ ಅಣುಗಳು ಅದನ್ನು ದಾಟುತ್ತವೆ. ಕ್ಲೋರ್‌ಫೆನಿರಮೈನ್ ಅಂಥದ್ದು. ಫೆಕ್ಸೊಫೆನಡಿನ್ ಹೇಗೋ ನುಸುಳಿದರೂ ಅಲ್ಲಿ ಪಿ-ಗ್ಲೈಕೋಪ್ರೋಟೀನ್ ಎಂಬ ಪಂಪ್ ಇದೆ. ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಡೆಲಿವರಿ ಹುಡುಗನನ್ನು ತಡೆದು ಕಳಿಸುವ ಸೆಕ್ಯೂರಿಟಿಯವರ ಹಾಗೆ ಅದು ಇದನ್ನು ಹಿಡಿದು ವಾಪಸ್ ರಕ್ತಕ್ಕೇ ತಳ್ಳುತ್ತದೆ. ಜಪಾನಿನ ತೊಹೊಕು ವಿಶ್ವವಿದ್ಯಾಲಯದವರು ಪೆಟ್ ಸ್ಕ್ಯಾನ್ ಮಾಡಿ ಇದನ್ನು ಅಳೆದಿದ್ದಾರೆ. ಹಳೇ ಮಾತ್ರೆಗಳು ಮಿದುಳಿನ ಹಿಸ್ಟಮಿನ್ ಗ್ರಾಹಕಗಳಲ್ಲಿ ಅರ್ಧದಷ್ಟನ್ನು, ಕೆಲವು ಸಲ ಇನ್ನೂ ಹೆಚ್ಚನ್ನು ಆಕ್ರಮಿಸುತ್ತವೆ. ಸೆಟಿರಿಜಿನ್ 10 ಮಿಲಿಗ್ರಾಂ ಸುಮಾರು ಶೇ 13, ಅದನ್ನೇ 20 ಮಾಡಿದರೆ ಸುಮಾರು ಶೇ 25. ಫೆಕ್ಸೊಫೆನಡಿನ್ ಲೆಕ್ಕಕ್ಕೇ ಸಿಗದಷ್ಟು ಕಡಿಮೆ. ನನ್ನ ಮಧ್ಯಾಹ್ನಗಳು ಹೇಳಿದ್ದೂ ಇದೇ ಕ್ರಮವನ್ನು.

ಫೆಕ್ಸೊಫೆನಡಿನ್‌ಗೆ ಒಂದು ಷರತ್ತಿದೆ. ಕಿತ್ತಳೆ ರಸ, ಸೇಬಿನ ರಸದ ಜೊತೆ ನುಂಗಬಾರದು. ಕರುಳಿನಲ್ಲಿ ಮಾತ್ರೆಯನ್ನು ಒಳಗೆ ಎಳೆದುಕೊಳ್ಳುವ ದಾರಿಯನ್ನು ಆ ರಸ ತಡೆಯುತ್ತದೆ. ನೀರು ಸಾಕು.

ಇಷ್ಟಾದರೂ ಮೂಗು ಕಟ್ಟುವುದಕ್ಕೆ ಈ ಮೂರರಲ್ಲಿ ಒಂದೂ ಸರಿಯಾಗಿ ಆಗಿಬರಲಿಲ್ಲ. ಅದಕ್ಕೂ ಕಾರಣವಿದೆ. ಪರಾಗ ತಾಗಿದ ಕೆಲವು ಗಂಟೆಗಳ ನಂತರ ಇಯೊಸಿನೊಫಿಲ್ ಮುಂತಾದ ಬಿಳಿ ರಕ್ತಕಣಗಳು ಮೂಗಿಗೆ ಬಂದು ಸೇರುತ್ತವೆ. ಒಳಪೊರೆ ಊದಿಕೊಳ್ಳುತ್ತದೆ. ಈ ಎರಡನೇ ಸುತ್ತು ಹಿಸ್ಟಮಿನ್ ಒಂದರಿಂದಲೇ ನಡೆಯುವಂಥದ್ದಲ್ಲ.

ಕಟ್ಟಿದ ಮೂಗಿಗೆ ನಾನು ನೋಡಿದ್ದು ಮೂರು. ಮೊದಲನೆಯದು ಮೆಂಥಾಲ್ ಇರುವ ಮುಲಾಮು. ಹಚ್ಚಿದ ಕೂಡಲೇ ಮೂಗು ಬಿಟ್ಟಂತಾಗುತ್ತದೆ. ನಿಜಕ್ಕೂ ಬಿಟ್ಟಿರುವುದಿಲ್ಲ. ಮೆಂಥಾಲ್ ತಂಪನ್ನು ಗುರುತಿಸುವ ನರದ ತುದಿಗಳನ್ನು ಕೆಣಕುತ್ತದೆ, ತಂಪು ಗಾಳಿ ಹೋಗುತ್ತಿದೆ ಎಂದು ಮಿದುಳು ನಂಬುತ್ತದೆ. ಗಾಳಿಯ ಹರಿವನ್ನು ಅಳೆದರೆ ಮೊದಲಿನಷ್ಟೇ. ಪಕ್ಕಾ ಮೋಸ, ಆದರೂ ಮಲಗುವ ಹೊತ್ತಿಗೆ ಹಿತವಾದ ಮೋಸ. ನಾನು ಬಿಟ್ಟಿಲ್ಲ.

ಎರಡನೆಯದು ಕ್ಸೈಲೊಮೆಟಾಜೊಲಿನ್ ಡ್ರಾಪ್ಸ್. ಇದು ಸಿಂಪಥೆಟಿಕ್ ನರಗಳು ಬಿಡುವ ನಾರ್‌ಅಡ್ರಿನಲಿನ್‌ನಂತೆ ನಟಿಸಿ ಮೂಗಿನ ರಕ್ತನಾಳಗಳನ್ನು ಕುಗ್ಗಿಸುತ್ತದೆ. ನಿಮಿಷಗಳಲ್ಲಿ ಮೂಗು ನಿಜವಾಗಿಯೇ ಬಿಡುತ್ತದೆ. ವೇಗದಲ್ಲಿ ಇದಕ್ಕೆ ಸಾಟಿಯಿಲ್ಲ. ಆದರೆ ಕೆಲವು ದಿನ ಮೀರಿ ಹಾಕಿಕೊಂಡರೆ ಮದ್ದಿನ ಪ್ರಭಾವ ಇಳಿದಾಗ ಮೂಗು ಮೊದಲಿಗಿಂತ ಜೋರಾಗಿ ಕಟ್ಟುತ್ತದೆ. ಆಗ ಡ್ರಾಪ್ಸ್ ಇಲ್ಲದೆ ನಿದ್ದೆಯೇ ಇಲ್ಲ ಎಂಬ ಸ್ಥಿತಿ. ವರ್ಷಗಟ್ಟಲೆ ಇದರ ಬಾಟಲಿ ಜೇಬಿನಲ್ಲಿಟ್ಟುಕೊಂಡು ಓಡಾಡುವ ಸಹೋದ್ಯೋಗಿಯೊಬ್ಬರಿದ್ದಾರೆ. ನನಗೆ ಬಸ್ಸಿನ ರಾತ್ರಿ ಪ್ರಯಾಣಕ್ಕೆ ಮಾತ್ರ ಇದು.

ಮೂರನೆಯದು ಸ್ಟೀರಾಯ್ಡ್ ಸ್ಪ್ರೇ, ಫ್ಲುಟಿಕಾಸೋನ್ ಅಥವಾ ಮೊಮೆಟಾಸೋನ್. ಹೆಸರು ಕೇಳಿಯೇ ಮನೆಯವರು ಹೆದರಿದರು. ಮೂಗಿಗೆ ಹೊಡೆಯುವುದು ಮೈಕ್ರೋಗ್ರಾಂ ಲೆಕ್ಕದಲ್ಲಿ, ಅದರಲ್ಲೂ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಇದು ನರಗಳ ತಂಟೆಗೆ ಹೋಗುವುದಿಲ್ಲ. ಕೋಶದೊಳಗೆ ಹೋಗಿ ಉರಿಯೂತದ ವಸ್ತುಗಳನ್ನು ತಯಾರಿಸುವ ಜೀನ್‌ಗಳನ್ನೇ ತಗ್ಗಿಸುತ್ತದೆ. ಅದಕ್ಕೇ ನಿಧಾನ. ಮೊದಲ ದಿನಗಳಲ್ಲಿ ಏನೂ ಆಗುತ್ತಿಲ್ಲ ಅನ್ನಿಸಿತು. ಬಹಳ ಜನ ಅಲ್ಲೇ ಕೈಬಿಡುತ್ತಾರೆ. ಎರಡನೇ ವಾರದ ಹೊತ್ತಿಗೆ ಕಟ್ಟುವುದು, ಸೋರುವುದು, ಸೀನು ಎಲ್ಲ ತಗ್ಗಿತು. ಹೊಡೆಯುವ ರೀತಿಯೂ ಮುಖ್ಯ. ಎಡ ಹೊಳ್ಳೆಗೆ ಬಲಗೈ, ಬಲ ಹೊಳ್ಳೆಗೆ ಎಡಗೈ. ತುದಿ ನಡುಗೋಡೆಯ ಕಡೆ ಅಲ್ಲ, ಹೊರಗಿನ ಕಡೆಗೆ ತಿರುಗಿರಬೇಕು. ಇಲ್ಲದಿದ್ದರೆ ಮೂಗಿನಿಂದ ರಕ್ತ ಬರಬಹುದು.

ಮಾಂಟೆಲುಕಾಸ್ಟ್ ಬಗ್ಗೆ ಒಂದು ಮಾತು. ಲೆವೊಸೆಟಿರಿಜಿನ್ ಜೊತೆ ಸೇರಿಸಿದ ಇದರ ಮಾತ್ರೆ ನಮ್ಮಲ್ಲಿ ತುಂಬಾ ಚಾಲ್ತಿಯಲ್ಲಿದೆ. ಇದು ತಡೆಯುವುದು ಲ್ಯುಕೋಟ್ರೈಯೀನ್ ಎಂಬ ಬೇರೆ ವಸ್ತುವನ್ನು. ಮನಸ್ಸಿನ ಏರುಪೇರು, ಕೆಟ್ಟ ಕನಸು ಇತ್ಯಾದಿಗಳ ಕಾರಣ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ಇದಕ್ಕೆ ತನ್ನ ಅತಿ ಗಟ್ಟಿಯಾದ ಎಚ್ಚರಿಕೆ ಹಾಕಿಸಿತು. ನನಗೆ ಇದರಿಂದ ಹೆಚ್ಚೇನೂ ಲಾಭ ಕಾಣಲಿಲ್ಲ, ಡಾಕ್ಟರಿಗೆ ಹೇಳಿ ನಿಲ್ಲಿಸಿದೆ.

ಸದ್ಯ ನನ್ನ ಆಯ್ಕೆ ಹೀಗಿದೆ. ಸೀಸನ್ ಶುರುವಾಗುವ ಮೊದಲೇ ದಿನವೂ ಸ್ಪ್ರೇ. ಸೀನು ಜೋರಾದ ಕೆಲಸದ ದಿನ ಫೆಕ್ಸೊಫೆನಡಿನ್. ರಜೆಯ ಹಿಂದಿನ ರಾತ್ರಿ ನವೆ ಇದ್ದರೆ ಸೆಟಿರಿಜಿನ್. ಕ್ಲೋರ್‌ಫೆನಿರಮೈನ್ ಮನೆಯಲ್ಲಿ ಇಡುವುದಿಲ್ಲ. ಪ್ರಾಸ್ಟೇಟ್ ತೊಂದರೆ, ಗ್ಲೂಕೋಮಾ ಇರುವ ಹಿರಿಯರಿಗೂ ಅದು ಒಳ್ಳೆಯದಲ್ಲ. ನಿಮ್ಮ ಮೂತ್ರಪಿಂಡ, ಗರ್ಭ, ಬೇರೆ ಮಾತ್ರೆಗಳ ಲೆಕ್ಕ ನೋಡಿ ಡಾಕ್ಟರು ಬೇರೆಯೇ ಹೇಳಬಹುದು. ಮುಖ ಊದಿ ಉಸಿರು ಕಟ್ಟುವಂಥ ಅಲರ್ಜಿಗೆ ಇಲ್ಲಿ ಹೇಳಿದ ಯಾವುದೂ ಸಾಲದು. ಅದಕ್ಕೆ ಬೇಕಾದದ್ದು ಅಡ್ರಿನಲಿನ್ ಇಂಜೆಕ್ಷನ್ ಮತ್ತು ಆಸ್ಪತ್ರೆ.

ಪರಾಗದ ಸಾರವನ್ನೇ ಸ್ವಲ್ಪ ಸ್ವಲ್ಪ ಚುಚ್ಚಿ ದೇಹವನ್ನು ಒಗ್ಗಿಸುವ ಇಮ್ಯುನೊಥೆರಪಿ ಈ ಹೋಲಿಕೆಯಲ್ಲಿ ಇಲ್ಲ. ಲಂಡನ್ನಿನ ಲಿಯೊನಾರ್ಡ್ ನೂನ್ 1911ರಲ್ಲಿ ಪ್ರಕಟಿಸಿದ ಹಳೇ ಉಪಾಯ ಅದು, ಈಗಲೂ ಮೂರರಿಂದ ಐದು ವರ್ಷ ಹಿಡಿಯುತ್ತದೆ. ಅದಕ್ಕೆ ಮೊದಲು ಚರ್ಮದ ಪರೀಕ್ಷೆ ಆಗಬೇಕು. ಪರೀಕ್ಷೆಗೆ ಕೆಲವು ದಿನ ಮೊದಲೇ ಹಿಸ್ಟಮಿನ್ ತಡೆಯುವ ಮಾತ್ರೆಗಳನ್ನೆಲ್ಲ ನಿಲ್ಲಿಸಬೇಕು, ಇಲ್ಲದಿದ್ದರೆ ಚುಚ್ಚಿದ ಜಾಗ ಊದುವುದೇ ಇಲ್ಲ. ಮೌಲ್ಯಮಾಪನ ಮುಗಿಯುವವರೆಗೆ ನಾನಂತೂ ಅದಕ್ಕೆ ಕೈ ಹಾಕುವುದಿಲ್ಲ.